ಕ್ಷಮಾಪಣೆಯ ಐದನೇ ಸಾಲು

"ನೀನು ಕಣ್ಣು ಮುಚ್ಚೋ ಹೊತ್ತಿಗೆ ನಿನ್ನ ಪಕ್ಕದಲ್ಲಿ ಇರ್ತೀನವ್ವ" ಎಂದು ಮೊಂಡಿ ಮಾತು ಕೊಟ್ಟು ಒಂಬತ್ತು ವರ್ಷವಾಗಿತ್ತು. ಜೈಲಿನ ಭೇಟಿಕೋಣೆಯಲ್ಲಿ, ತಂತಿಬಲೆಯ ಆಚೆ ನಿಂತಿದ್ದ ಅವ್ವನ ಬೆರಳ ತುದಿ ಮುಟ್ಟಿ ಆಡಿದ ಮಾತು. ಆಗ ಅವ್ವನಿಗೆ ಕಣ್ಣು ಕಾಣುತ್ತಿತ್ತು, ಕಾಲಲ್ಲಿ ಕಸುವಿತ್ತು. ಅದು ಯಾವ ಕಾಲದ ಮಾತೋ ಎಂಬಂತೆ ಇಬ್ಬರೂ ನಕ್ಕಿದ್ದರು. ಈಗ ಅವ್ವ ಹಾಸಿಗೆ ಹಿಡಿದು ನಾಲ್ಕು ತಿಂಗಳು. ಹೋದ ಸಲ ನೋಡಲು ಬಂದಿದ್ದ ಚಿಕ್ಕಮ್ಮ, ಗಂಜಿಯೂ ಇಳಿಯುತ್ತಿಲ್ಲ, ಬಾಗಿಲು ಸದ್ದಾದರೆ ನೀನೇ ಬಂದೆ ಅಂದುಕೊಳ್ಳುತ್ತಾಳೆ ಎಂದು ಹೇಳಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೋಗಿದ್ದಳು.

"ಲೇ ಮುಂಡೇದೆ, ಬಟ್ಟೆ ಒಗೀತಿದೀಯೋ ಅದಕ್ಕೆ ಜೋಗುಳ ಹಾಡ್ತಿದೀಯೋ?" ವಾರ್ಡರಮ್ಮ ಲಾಠಿಯ ತುದಿಯಿಂದ ಮೊಂಡಿಯ ಬೆನ್ನಿಗೆ ತಿವಿದಳು. "ಏಳು. ಸುಧಾರಣೆ ಮೇಡಂ ಕರೀತಾರೆ. ಇವತ್ತಾದ್ರೂ ಎರಡು ಹನಿ ಕಣ್ಣೀರು ಹಾಕಿ ಬಾ, ನನ್ನ ಪ್ರಾಣ ತಿನ್ನಬೇಡ."

ಒಗೆಯುವ ಕಲ್ಲಿನ ಮೇಲೆ ಆಸ್ಪತ್ರೆಯ ಹಾಸಿಗೆ ಬಟ್ಟೆಗಳ ರಾಶಿ ಬಿದ್ದಿತ್ತು. ಮೊಂಡಿ ಕೈ ಹಿಂಡಿಕೊಂಡು ಎದ್ದಳು. ಅವಳಿಗೆ ಆ ಹೆಸರು ಬಂದದ್ದು ಜೈಲಿನಲ್ಲೇ. ಮಾಡಿದ್ದಕ್ಕೆ ಪಶ್ಚಾತ್ತಾಪ ಇಲ್ಲ ಅಂದದ್ದಕ್ಕೆ ಮೊದಲ ವರ್ಷ ಒಂಟಿ ಕೋಣೆಗೆ ಹಾಕಿದರು. ಹೊರಗೆ ಬಂದವಳು, ನಿದ್ದೆ ಚೆನ್ನಾಗಿ ಬಂತು ಅಂದಳು. ಊಟ ಅರ್ಧ ಮಾಡಿದರು. ಹೊರಗಿದ್ದಾಗಲೂ ಇಷ್ಟೇ ಸಿಗುತ್ತಿತ್ತು ಅಂದಳು. ತಲೆ ಬೋಳಿಸಿದರು, ಹೇನಿನ ಕಾಟ ತಪ್ಪಿತು ಅಂದಳು. ಕಕ್ಕಸು ತೊಳೆಯಲು ಹಚ್ಚಿದರೆ ಯಾರೂ ತೊಳೆಯದಷ್ಟು ಚೆನ್ನಾಗಿ ತೊಳೆದಳು. ಹಳೆಯ ಸೂಪರಿಂಟೆಂಡೆಂಟ್ ಸೋತು ಕೈಚೆಲ್ಲಿ ವರ್ಗವಾಗಿ ಹೋದ. ಹೊಸಬನು ಬರುವಾಗ ಸುಧಾರಣೆ ಮೇಡಂ ಎಂಬ ಈ ಅಧಿಕಾರಿಣಿಯನ್ನು ಜೊತೆಗೆ ಕರೆತಂದ. ಆಕೆ ಬಯ್ಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಕುರ್ಚಿ ಕೊಡುತ್ತಿದ್ದಳು.

"ಅವತ್ತಿನದನ್ನ ಇನ್ನೊಂದು ಸಲ ಹೇಳು" ಅಂದಳು ಮೇಡಂ.

ಮೊಂಡಿ ಹೇಳಿದಳು. ಎಷ್ಟು ಸಲ ಹೇಳಿದ್ದಳೋ, ಬಾಯಿಗೆ ರುಚಿಯೇ ಉಳಿದಿರಲಿಲ್ಲ. ಅವಳೂ ಅವಳ ತಮ್ಮನೂ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೂಲಿಗಿದ್ದರು. ವಿಷಗಾಳಿ ತುಂಬುವ ಆಳದ ಬಣ್ಣದ ತೊಟ್ಟಿಯ ತಳದಲ್ಲಿ ಕೊಳೆ ಕಟ್ಟಿದಾಗ ಒಬ್ಬನನ್ನು ಒಳಗೆ ಇಳಿಸುತ್ತಿದ್ದರು. ಇಳಿದವನು ನಡುವೆ ಗಾಳಿಗೆಂದು ಮೇಲೆ ಬಂದು ಹೊತ್ತು ಕಳೆಯಬಾರದು ಅಂತ ಮಾಲೀಕ ಏಣಿಯನ್ನು ಮೇಲಕ್ಕೆ ಎಳೆಸಿಬಿಡುತ್ತಿದ್ದ. ಕೊಳೆಯೆಲ್ಲ ಮೇಲೆ ಬಂದ ಮೇಲೇ ಏಣಿ ಕೆಳಗೆ. ತಮ್ಮ ಆ ತೊಟ್ಟಿಯಲ್ಲೇ ಉಸಿರು ಕಟ್ಟಿ ಸತ್ತ. ಅವನ ಮಣ್ಣು ಮುಗಿಸಿ ಕೆಲಸಕ್ಕೆ ಮರಳಿದ ದಿನ, ತೊಟ್ಟಿ ಖಾಲಿಯಾಯಿತೇ ಎಂದು ನೋಡಲು ಮಾಲೀಕ ಖುದ್ದಾಗಿ ಏಣಿ ಇಳಿದ. ಅವನ ಕಾಲು ತಳ ಮುಟ್ಟಿದ್ದೇ ತಡ, ಮೊಂಡಿ ಏಣಿ ಎಳೆದುಕೊಂಡು ಅದರ ಮೇಲೇ ಕುಳಿತಳು.

"ಅವರು ಒಳಗೆ ಒದ್ದಾಡ್ತಿದ್ದಾಗ ನಿನಗೆ ಏನನ್ನಿಸ್ತು?"

"ಏಣಿ ಭಾರ ಇತ್ತು. ಭುಜ ನೋಯ್ತಿತ್ತು."

"ಮನಸ್ಸಿಗಮ್ಮ, ಮನಸ್ಸಿಗೆ."

"ಸಮಾಧಾನ ಆಯ್ತು ಮೇಡಂ. ಕುರ್ಚಿ ಕೊಟ್ಟು ಕೇಳ್ತಿದೀರಿ, ಸುಳ್ಳು ಯಾಕೆ ಹೇಳ್ಲಿ."

ಮೇಡಂ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು. ಇಂಥ ಇಪ್ಪತ್ತೆರಡು ಜನ ಅವಳ ಪಾಲಿಗಿದ್ದರು. ಇಪ್ಪತ್ತೊಂದು ಜನ ಅತ್ತಿದ್ದರು. ಕೊನೆಗೆ ಡ್ರಾಯರಿನಿಂದ ಒಂದು ಆದೇಶ ತೆಗೆದು ಓದಿದಳು. ಇನ್ನು ಮುಂದೆ ಒಂದು ಕೋಣೆಯ ಹನ್ನೆರಡು ಜನ ಒಂದು ಗುಂಪು. ಒಬ್ಬಳು ಪಶ್ಚಾತ್ತಾಪ ಪಡದಿದ್ದರೆ ಹನ್ನೆರಡು ಜನರಿಗೂ ಮನೆಯವರ ಭೇಟಿ ಇಲ್ಲ. ಇದು ಶಿಕ್ಷೆ ಅಲ್ಲ, ಒಬ್ಬರಿಗೊಬ್ಬರು ತಿದ್ದಿಕೊಳ್ಳುವ ಅವಕಾಶ ಎಂದು ಮೆತ್ತಗೆ ವಿವರಿಸಿದಳು.

ಮೊದಲ ತಿಂಗಳು ಕೋಣೆಯವರು ಸರ್ಕಾರವನ್ನು ಬಯ್ದರು. ಎರಡನೇ ತಿಂಗಳು ಮೊಂಡಿಯನ್ನು ಬಯ್ದರು. ಅವಳ ಚಾಪೆಗೆ ನೀರು ಸುರಿದರು, ತಟ್ಟೆಗೆ ಕಲ್ಲು ಹಾಕಿದರು. ಹಲ್ಲಿಲ್ಲದ ದೊಡ್ಡಕ್ಕ ಮಾತ್ರ, ಅವಳಿಗೆ ಕಲ್ಲು ಯಾಕೆ ಹಾಕ್ತೀರೇ, ಅನ್ನದಲ್ಲಿ ಆಗಲೇ ಇರೋದು ಸಾಲದಾ ಎಂದು ನಗಿಸಲು ನೋಡಿದಳು. ಯಾರೂ ನಗಲಿಲ್ಲ.

ಎಲ್ಲರಿಗಿಂತ ಕಂಗೆಟ್ಟವಳು ಅದೇ ಕೋಣೆಯ ಚಿಕ್ಕಿ. ಗಂಡನ ಕಳ್ಳಮಾಲು ಬಚ್ಚಿಟ್ಟ ಕೇಸಿನಲ್ಲಿ ಒಳಗೆ ಬಂದವಳು, ಇಪ್ಪತ್ತೆರಡು ವರ್ಷ ದಾಟಿರಲಿಲ್ಲ. ಅವಳ ಮೂರು ವರ್ಷದ ಮಗಳು ತಿಂಗಳಿಗೊಮ್ಮೆ ಅಜ್ಜಿಯ ಕಂಕುಳಲ್ಲಿ ಬರುತ್ತಿದ್ದಳು. ಕೊನೆಯ ಸಲ ಬಂದಾಗ ಅಮ್ಮನ ಗುರುತು ಹತ್ತಲು ಅರ್ಧ ಗಂಟೆ ಹಿಡಿದಿತ್ತು. ಮೂರನೇ ತಿಂಗಳ ಭೇಟಿಯೂ ರದ್ದಾದ ದಿನ ಚಿಕ್ಕಿ ಒಗೆಯುವ ಕಲ್ಲಿನ ಬಳಿಗೆ ಬಂದವಳೇ ಮೊಂಡಿಯ ಕೆನ್ನೆಗೆ ಬಾರಿಸಿದಳು.

"ನಿನ್ನ ತಮ್ಮ ಸತ್ತ. ನನ್ನ ಮಗು ಬದುಕಿದೆ ಕಣೆ. ಅದು ನನ್ನ ಮುಖ ಮರೀತಿದೆ. ನಿನ್ನ ಸೊಕ್ಕಿಗೆ ಬೆಂಕಿ ಹಾಕ."

ಮೊಂಡಿ ಕೈ ಎತ್ತಲಿಲ್ಲ. ಕೆನ್ನೆಗೆ ಅಂಟಿದ ಸೋಪಿನ ನೊರೆ ಒರೆಸಿಕೊಂಡಳು. ಅವ್ವನ ಬಾಗಿಲು ಸದ್ದಾಗುವುದು ಅವಳಿಗೂ ಕೇಳುತ್ತಿತ್ತು. ಆಮೇಲೆ ಚಿಕ್ಕಿಗೆ, ಹೋಗಿ ಮೇಡಂ ಹತ್ರ ಆ ಕ್ಷಮಾಪಣೆ ಕಾಗದ ಇಸ್ಕೊಂಡು ಬಾ, ನನಗೆ ಓದೋಕೆ ಬರಲ್ಲ, ನೀನು ಹೇಳಿಕೊಡು ಅಂದಳು.

ಕಾಗದದಲ್ಲಿ ಏಳು ಸಾಲು. ಅದನ್ನು ಎಲ್ಲರೆದುರು ಬಾಯಿಪಾಠ ಒಪ್ಪಿಸಿ ಹೆಬ್ಬೆಟ್ಟು ಒತ್ತಿದರೆ ಕೋಣೆಗೆ ಭೇಟಿ ಮರಳುತ್ತದೆ, ಮೊಂಡಿಗೆ ವಾರದೊಳಗೆ ಬಿಡುಗಡೆಯ ಆದೇಶ ಬರುತ್ತದೆ ಎಂದು ಮೇಡಂ ಸಂತೋಷದಿಂದ ತಿಳಿಸಿದಳು. ಚಿಕ್ಕಿ ಏಳನೇ ಕ್ಲಾಸು ಓದಿದವಳು. ಪಕ್ಕದ ಕಲ್ಲಿನ ಮೇಲೆ ಕುಳಿತು ಓದುತ್ತಿದ್ದಳು, ಮೊಂಡಿ ಒಂದೊಂದು ಸಾಲನ್ನೂ ಬಟ್ಟೆಯ ಒಂದೊಂದು ಏಟಿಗೆ ಕೂಡಿಸಿ ಕಲಿಯುತ್ತಿದ್ದಳು. ನಾನು ಒಂದು ಜೀವ ತೆಗೆದೆ, ಧಪ್. ಅದು ಘೋರ ಅಪರಾಧ, ಧಪ್. ಅವರ ಮಕ್ಕಳನ್ನು ಅನಾಥ ಮಾಡಿದೆ, ಧಪ್. ಆ ಸಾಲು ಬಂದಾಗ ಅವಳ ಕೈ ಒಮ್ಮೆ ತಡೆಯಿತು. ಮಕ್ಕಳ ವಿಷಯ ಸುಳ್ಳಲ್ಲ, ಹೇಳಬಹುದು ಅಂದಳು. ಮೂರೇ ದಿನಕ್ಕೆ ಪೂರ್ತಿ ಬಾಯಿಗೆ ಬಂತು. ದೊಡ್ಡಕ್ಕ ಕೂಡ ಮಲಗಿದಲ್ಲೇ ಅದನ್ನು ಗುನುಗತೊಡಗಿದಳು. ನನ್ನನ್ನೂ ಬಿಡ್ತಾರೇನೋ ನೋಡೋಣ ಅಂದಳು. ಈ ಸಲ ಎಲ್ಲರೂ ನಕ್ಕರು.

ಒಪ್ಪಿಸುವ ದಿನ ಅಂಗಳದಲ್ಲಿ ಕುರ್ಚಿ ಹಾಕಿಸಿ ಮೈಕು ಇಡಿಸಿದ್ದರು. ಮುಂದಿನ ಸಾಲಿನಲ್ಲಿ ಸೂಪರಿಂಟೆಂಡೆಂಟ್, ಅವನ ಪಕ್ಕ ಸತ್ತ ಮಾಲೀಕನ ತಮ್ಮ. ಕಾರ್ಖಾನೆ ಈಗ ಇವನದು. ಇಸ್ತ್ರಿ ಮುರಿಯದ ಅಂಗಿ, ಗಳಿಗೆಗೊಮ್ಮೆ ಕೈಗಡಿಯಾರ ನೋಡುತ್ತಿದ್ದ.

ಮೊಂಡಿ ಗಟ್ಟಿಯಾಗಿ, ತಪ್ಪಿಲ್ಲದೆ ಒಪ್ಪಿಸಿದಳು. ಮೇಡಂನ ಕಣ್ಣು ತುಂಬಿ ಬಂತು. ವಾರ್ಡರಮ್ಮ ಮೊಂಡಿಯ ಹೆಬ್ಬೆರಳಿಗೆ ಮಸಿ ಮೆತ್ತಿದಳು. ಆಗ ಮಾಲೀಕನ ತಮ್ಮ ಕಾಗದದ ಮೇಲೆ ಬೆರಳಿಟ್ಟು ಮೇಡಂಗೆ ಏನೋ ಹೇಳಿದ.

"ಐದನೇ ಸಾಲು ಬಿಟ್ಟುಹೋಯ್ತಮ್ಮ" ಅಂದಳು ಮೇಡಂ. "ಪರವಾಗಿಲ್ಲ. ನಾನು ಓದ್ತೀನಿ, ನನ್ನ ಹಿಂದೆ ಹೇಳು. ನನ್ನ ತಮ್ಮ ಸತ್ತದ್ದು ಅವನದೇ ಅಜಾಗರೂಕತೆಯಿಂದ. ಅದರಲ್ಲಿ ಮಾಲೀಕರ ತಪ್ಪು ಏನೂ ಇರಲಿಲ್ಲ."

ಮೊಂಡಿ ತಿರುಗಿ ಚಿಕ್ಕಿಯನ್ನು ನೋಡಿದಳು. ಚಿಕ್ಕಿ ನೆಲ ನೋಡುತ್ತಿದ್ದಳು. ಓದಿ ಹೇಳಿದರೆ ಮೊಂಡಿ ಒಪ್ಪುವುದಿಲ್ಲ ಎಂದು ಅವಳು ಮೂರು ದಿನವೂ ಆ ಸಾಲನ್ನು ದಾಟಿಸಿದ್ದಳು. ಅಷ್ಟು ಜನರ ನಡುವೆ ಯಾರು ಲೆಕ್ಕ ಹಿಡಿಯುತ್ತಾರೆ ಅಂದುಕೊಂಡಿದ್ದಳು.

"ಕೊಂದಿದ್ದು ಒಪ್ಕೊಂಡೆನಲ್ಲ" ಅಂದಳು ಮೊಂಡಿ. "ಅಷ್ಟು ಸಾಲದಾ?"

"ಆ ಸಾಲಿಗೋಸ್ಕರವೇ ನಾನು ಕೆಲಸ ಬಿಟ್ಟು ಬಂದಿರೋದು" ಎಂದ ಮಾಲೀಕನ ತಮ್ಮ, ಸೂಪರಿಂಟೆಂಡೆಂಟ್ ಕಡೆಗೆ ತಿರುಗಿ. ಏಣಿ ಎಳೆಯುವ ಪದ್ಧತಿಯ ಮೇಲೆ ಕೂಲಿಯವರು ಹಾಕಿದ ದಾವೆ ಇನ್ನೂ ಕೋರ್ಟಿನಲ್ಲಿತ್ತು.

"ಹೇಳೇ ಬೇಗ" ಎಂದು ಸೂಪರಿಂಟೆಂಡೆಂಟ್ ಗದರಿದ.

ಮೊಂಡಿ ಮೈಕಿನ ಹತ್ತಿರ ಬಾಯಿ ತಂದಳು. ದನಿ ಏರಿಸಲಿಲ್ಲ.

"ನನ್ನ ತಮ್ಮ ತೊಟ್ಟಿಯೊಳಗಿಂದ ಎರಡು ಸಲ ಕೂಗಿದ. ಅಕ್ಕಾ, ಏಣಿ ಬಿಡಕ್ಕಾ ಅಂದ. ನಾನು ಏಣಿಗೆ ಕೈ ಹಾಕಿದೆ. ಇವರಣ್ಣ ಬೋಳಿಮಗ ಬೂಟುಗಾಲಲ್ಲಿ ನನ್ನ ಕೈ ಮೆಟ್ಕೊಂಡು ನಿಂತಿದ್ದ, ಆ ಕಡೆ ಕೂಗು ನಿಲ್ಲೋ ತನಕ. ಐದನೇ ಸಾಲು ಅದು. ಅದನ್ನ ಬರೀರಿ, ಒತ್ತೀನಿ."

ಮೈಕು ಬಂದ್ ಮಾಡಿಸಿದರು. ವಾರ್ಡರಮ್ಮ ಅವಳ ಮುಂಗೈ ಹಿಡಿದು ಹೆಬ್ಬೆರಳನ್ನು ಕಾಗದದ ಕಡೆಗೆ ಎಳೆದಳು. ಮೊಂಡಿ ಕೊಸರಿಕೊಂಡು ಬೆರಳ ಮೇಲೆ ಉಗುಳಿ, ಸೀರೆಗೆ ಉಜ್ಜಿದಳು. ಮಸಿ ಹೋಗಿ ಚರ್ಮ ಕೆಂಪಾಗುವ ತನಕ ಉಜ್ಜುತ್ತಲೇ ಇದ್ದಳು.

ಕೋಣೆಗೆ ಇನ್ನೂ ಆರು ತಿಂಗಳು ಭೇಟಿ ಇಲ್ಲ ಎಂದು ಅಲ್ಲೇ ಘೋಷಿಸಿದರು. ಮೊಂಡಿಯನ್ನು ಎಳೆದುಕೊಂಡು ಹೋಗುವಾಗ ಚಿಕ್ಕಿಯ ಮುಂದೆಯೇ ದಾಟಿಸಿದರು. ಚಿಕ್ಕಿ ಬಯ್ಯಲಿಲ್ಲ. ಮುಖ ತಿರುಗಿಸಿಕೊಂಡು ಗೋಡೆಗೆ ಹಣೆ ಕೊಟ್ಟು ನಿಂತಳು.

ಮರುದಿನ ಒಂಟಿ ಕೋಣೆಯ ಕಂಡಿಯಲ್ಲಿ ಮೇಡಂನ ಮುಖ ಕಂಡಿತು. ಈ ಸಲ ಕುರ್ಚಿ ಇರಲಿಲ್ಲ. ಆಕೆ ರಾತ್ರಿಯೆಲ್ಲ ನಿದ್ದೆಗೆಟ್ಟವಳಂತಿದ್ದಳು.

"ಒಂದೇ ಒಂದು ಸಾಲು" ಅಂದಳು. "ಅಂದುಬಿಟ್ಟಿದ್ರೆ ಸತ್ತೋನಿಗೆ ಏನಾಗ್ತಿತ್ತು?"

"ಸತ್ತೋರಿಗೆ ಏನೂ ಆಗಲ್ಲ ಅಂದ್ಮೇಲೆ ಆ ಸತ್ತ ಮಾಲೀಕನ ಕ್ಷಮೆ ಯಾಕೆ ಕೇಳಿಸ್ತೀರಿ ಮೇಡಂ?"

ಮೇಡಂ ಕೈಯಲ್ಲಿದ್ದ ಕಡತವನ್ನು ಬಾಗಿಲಿಗೆ ಆನಿಸಿ, ಸುಧಾರಣೆಗೆ ಯೋಗ್ಯಳಲ್ಲ ಎಂದು ಬರೆದು ಹೊರಟುಹೋದಳು.

ಹನ್ನೊಂದನೇ ದಿನ ವಾರ್ಡರಮ್ಮ ಗಂಜಿಯ ಜೊತೆ ಒಂದು ಚೀಟಿ ತಂದಳು. ಬಾಗಿಲ ಆಚೆಯೇ ನಿಂತು, ಲಾಠಿ ಕಂಕುಳಿಗೆ ಸಿಕ್ಕಿಸಿಕೊಂಡು ತಾನೇ ಓದಿದಳು. ಅವ್ವ ಸೋಮವಾರ ಬೆಳಿಗ್ಗೆ ತೀರಿಕೊಂಡಳಂತೆ. ಪಕ್ಕದಲ್ಲಿ ಚಿಕ್ಕಮ್ಮ ಇದ್ದಳಂತೆ. ಚೀಟಿ ಬಂದದ್ದು ಗುರುವಾರ, ಮಣ್ಣು ಆಗಿಹೋಗಿತ್ತು.

ಮೊಂಡಿ ಅವ್ವನಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.