ಮೂವತ್ತೆಂಟು ಹಾಳೆಗಳು

ಬೆಳ್ಳಿಯಪ್ಪಣ್ಣನಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಅದು ನನಗೆ ತಿಳಿಯುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು.

ಕಳಸದಿಂದ ಮೇಲೆ, ಅಭಯಾರಣ್ಯದೊಳಗಿನ ಅರಣ್ಯ ಇಲಾಖೆಯ ಕ್ಯಾಂಪಿನಲ್ಲಿ ಅವನು ದಿನಗೂಲಿ ವಾಚರ್. ನಾನು ಗಾಳಿಯ ಗುಣಮಟ್ಟ ಅಳೆಯುವ ಸಣ್ಣ ಸಂಸ್ಥೆಯೊಂದರ ಉದ್ಯೋಗಿ. ಕಾಡಿನ ಅಂಚಿನಲ್ಲಿ ಜಲ್ಲಿ ಕ್ರಷರ್ ಹಾಕಲು ಒಬ್ಬರು ಅರ್ಜಿ ಕೊಟ್ಟಿದ್ದರು. ಅಲ್ಲಿನ ಗಾಳಿ ಈಗ ಎಷ್ಟು ಶುದ್ಧವಿದೆ ಎಂದು ಒಂದು ವರ್ಷದ ಅಳತೆ ತೋರಿಸಿದರೆ ಅದನ್ನು ತಡೆಯಬಹುದಿತ್ತು.

ಬೆಳ್ಳಿಯಪ್ಪಣ್ಣನಿಗೆ ಎರಡು ಕೆಲಸ ಕೊಟ್ಟಿದ್ದೆ. ದಿನಾ ಬೆಳಿಗ್ಗೆ ಎಂಟಕ್ಕೆ ವಾಚ್ ಟವರ್ ಹತ್ತಿ, ಎದುರಿನ ಐದು ಗುಡ್ಡಗಳಲ್ಲಿ ಎಷ್ಟು ಕಾಣುತ್ತವೆ ಎಂದು ಬರೆಯುವುದು. ವಾರಕ್ಕೊಮ್ಮೆ, ಗಾಳಿ ಹೀರಿ ಧೂಳು ಹಿಡಿಯುವ ಯಂತ್ರದ ಫಿಲ್ಟರ್ ಹಾಳೆ ಬದಲಿಸಿ, ಹಳೆಯದನ್ನು ಕವರಿಗೆ ಹಾಕಿ ಅಂಟಿಸುವುದು. ಆ ಕವರುಗಳನ್ನು ನಾನು ಕಳಸದ ಬಸ್ ಸ್ಟ್ಯಾಂಡಿನಲ್ಲಿ ಇಸಿದುಕೊಂಡು, ತೆರೆಯದೆ, ಲ್ಯಾಬಿಗೆ ಕಳಿಸುತ್ತಿದ್ದೆ. ತೆರೆಯಬಾರದು ಎಂಬುದು ನಿಯಮ.

ಜೂನ್‌ನಲ್ಲಿ ಅವನ ಫೋನ್ ಬಂತು.

"ಮೇಡಂ, ಹಾಳೆ ಪೂರಾ ಒದ್ದೆ. ಏನ್ ಮಾಡ್ಲಿ?"

ನಾನು ಬಸ್ಸಿನಲ್ಲಿದ್ದೆ. "ಒಣಗಿಸಿಡಿ ಬೆಳ್ಳಿಯಪ್ಪಣ್ಣ" ಎಂದೆ. ಎಲ್ಲಿ ಎಂದು ಹೇಳಲಿಲ್ಲ.

ಆಗಸ್ಟ್‌ನಲ್ಲಿ ಒಮ್ಮೆ ಕ್ಯಾಂಪಿಗೆ ಹೋಗಿದ್ದೆ. ಅವನ ಹೆಂಡತಿ ಜವರಮ್ಮ ಟವರ್ ಬುಡದಲ್ಲೇ ಕಾಫಿ ತಂದುಕೊಟ್ಟಳು. "ಇವ್ರಿಗೆ ಸಾರು ಸೀದು ಕರಿ ಆಗಿದ್ರೂ ಗೊತ್ತಾಗಲ್ಲ ಮಾರಾಯ್ತಿ. ಚೆನ್ನಾಗಿದೆ ಅಂತ ಉಣ್ತಾರೆ. ಇಂಥ ಗಂಡ ನಿಂಗೂ ಸಿಗ್ಲಿ" ಎಂದಳು. ನಾನು ನಕ್ಕೆ. ಮನೆಯೊಳಗೆ ಹೋಗಲಿಲ್ಲ. ಜೀಪ್ ಕಾಯುತ್ತಿತ್ತು.

ವರ್ಷ ಮುಗಿದ ಮೇಲೆ ಲ್ಯಾಬಿನ ವರದಿ ಬಂತು. ಅದರ ಪ್ರಕಾರ ಆ ಕಾಡಿನ ಗಾಳಿ ಊರಿನ ಬಸ್ ಸ್ಟ್ಯಾಂಡಿನದಕ್ಕಿಂತ ಕೊಳಕು. ಹಾಳೆಗಳ ತುಂಬ ಸೌದೆ ಹೊಗೆಯ ಮಸಿ.

ಮರುದಿನವೇ ಕ್ಯಾಂಪಿಗೆ ಹೋದೆ. ಈ ಸಲ ಒಳಗೆ ಹೋದೆ. ಒಲೆಯ ಮೇಲೆ ಬಿದಿರಿನ ಅಟ್ಟ. ಅದರ ಮೇಲೆ ಕಂಬಳಿ, ಕಾಳುಮೆಣಸು, ಬೆಂಕಿಪೊಟ್ಟಣ, ಪಕ್ಕದಲ್ಲಿ, ಯಂತ್ರ ಇನ್ನೂ ನಿಲ್ಲಿಸದಿದ್ದರಿಂದ, ಆ ವಾರದ ಫಿಲ್ಟರ್. ಮಳೆಗಾಲದಲ್ಲಿ ನಮ್ಮ ಮನೆಯಲ್ಲೂ ಎಲ್ಲವನ್ನೂ ಹೀಗೇ ಒಣಗಿಸುತ್ತೇವೆ.

"ಇಬ್ಬನಿ ಕಾಲದಲ್ಲೂ ಹಾಳೆ ತೇವ ಇರ್ತಿತ್ತು ಮೇಡಂ. ಒಂದೂ ಬೂಷ್ಟು ಹಿಡಿಯೋಕೆ ಬಿಟ್ಟಿಲ್ಲ" ಎಂದ. ಹೆಮ್ಮೆಯಿಂದಲೇ ಹೇಳಿದ.

"ಹೊಗೆ ವಾಸ್ನೆ ಹೊಡೀತಿದೆ. ನಿಮ್ಗೆ ಗೊತ್ತಾಗ್ಲಿಲ್ವಾ?"

ಅವನು ಜವರಮ್ಮನ ಮುಖ ನೋಡಿದ. "ಹಿಂದೆ ಒಂದ್ಸಲ ಜೋರು ಜ್ವರ ಬಂದು ಹೋದ್ಮೇಲೆ ಮೂಗು ಸತ್ತೋಗಿದೆ."

"ಹೇಳ್ಬಾರ್ದಿತ್ತಾ?"

"ಕಾಡಿಗೆ ಬೆಂಕಿ ಬಿದ್ರೆ ಮೊದ್ಲು ಮೂಗಿಗೇ ಗೊತ್ತಾಗ್ಬೇಕು. ಮೂಗಿಲ್ಲದ ವಾಚರ್‌ನ ಯಾರ್ ಇಟ್ಕೊಳ್ತಾರೆ ಮೇಡಂ?" ಆಮೇಲೆ ತನ್ನ ಪುಸ್ತಕ ತೆಗೆದು ತೋರಿಸಿದ. "ನೋಡಿ, ಜನವರಿಲಿ ದಿನಾ ಐದೂ ಗುಡ್ಡ ಕಂಡಿದೆ. ಐದೂ ಕಂಡ್ರೆ ಗಾಳಿ ಹೆಂಗೆ ಕೊಳಕಾಗ್ತದೆ?"

ಅವನು ಹೇಳಿದ್ದು ಸರಿ. ಆದರೆ ವಿಚಾರಣೆಯಲ್ಲಿ ಕ್ರಷರ್ ಕಡೆಯ ವಕೀಲರು ಆ ಪುಸ್ತಕವನ್ನು ತೆರೆಯಲೂ ಇಲ್ಲ. ಅಷ್ಟರಲ್ಲೇ ಕಡತ ಸೇರಿದ್ದ ನಮ್ಮದೇ ಲ್ಯಾಬ್ ವರದಿ ಓದಿ, ಇಲ್ಲಿನ ಗಾಳಿ ಮೊದಲೇ ಕೆಟ್ಟಿದೆ ಎಂದರು. ಅನುಮತಿ ಸಿಕ್ಕಿತು.

ತಪ್ಪು ಹೇಗಾಯಿತು ಎಂದು ಸಂಸ್ಥೆ ನನ್ನಿಂದ ವಿವರಣೆ ಕೇಳಿತು. ವಾಚರ್‌ಗೆ ವಾಸನೆ ತಿಳಿಯುವುದಿಲ್ಲ, ಹಾಳೆಗಳನ್ನು ಒಲೆಯ ಮೇಲೆ ಒಣಗಿಸಿದ್ದಾನೆ ಎಂದು ಬರೆದೆ. ಒಣಗಿಸಿಡಿ ಎಂದು ಹೇಳಿದ್ದು ನಾನು ಎಂಬ ಸಾಲನ್ನು ಬರೆದು, ಓದಿ, ಅಳಿಸಿದೆ. ಅದರ ಪ್ರತಿ ಅರಣ್ಯದವರಿಗೂ ಹೋಯಿತು. ಮುಂದಿನ ತಿಂಗಳು ಅವನನ್ನು ಕೆಲಸದಿಂದ ಬಿಡಿಸಿದರು.

ಐವತ್ತೆರಡು ಹಾಳೆಗಳಲ್ಲಿ ಕೆಟ್ಟದ್ದು ಮೂವತ್ತೆಂಟು. ಹೋದದ್ದು ಬೆಳ್ಳಿಯಪ್ಪಣ್ಣನ ಕೆಲಸ, ಹನ್ನೊಂದು ವರ್ಷದ್ದು. ಈಗ ಕ್ರಷರ್ ಧೂಳಿನಲ್ಲಿ ಟವರಿನಿಂದ ಕಾಣುವ ಗುಡ್ಡ ಮೂರು, ಕಾಣದಿರುವುದು ಎರಡು.