ಅರ್ಧಕ್ಕೆ ನಿಂತ ನೇಗಿಲ ಸಾಲು

ಬೆಳಗಿನ ನಮಾಜು ಮುಗಿಯುವ ಹೊತ್ತಿಗೆ ಗುಡ್ಡದ ಹೊಲದಿಂದ ಸತ್ತವನ ದನಿ ಬರುತ್ತಿತ್ತು. ‘ಹೋಷ್... ಹೋಷ್...’ ಎಂದು ಎತ್ತು ತಿರುಗಿಸುವ ದನಿ. ಮಿಜ್ಗೋನಾ ಒಬ್ಬಳೇ ಅಲ್ಲ, ಓಣಿಯ ಅರ್ಧ ಜನ ಅದನ್ನು ಕೇಳಿದ್ದರು. ಉಳಿದರ್ಧ, ಕೇಳಿಯೂ ಕೇಳಿಲ್ಲವೆನ್ನುವ ಜಾಣರು.

ಹೋದ ಶರತ್ಕಾಲದಲ್ಲಿ ಅವಳಪ್ಪ ನಿಯೋಜ್ ಮೊದಲ ಸಾಲಿನ ಅರ್ಧದಲ್ಲೇ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ. ಎತ್ತು ಬಿಚ್ಚಿ ತಂದರು, ಹೆಣ ಹೊತ್ತು ತಂದರು, ಸಾಲು ಅಲ್ಲೇ ಉಳಿಯಿತು. ಮೇಲಿನಿಂದ ನೇರ ಇಳಿಜಾರಿಗೆ ಎಳೆದ ಸಾಲು. ಹಿಮ ಕರಗಿದ ನೀರು ಅದರಲ್ಲೇ ದಾರಿ ಮಾಡಿಕೊಂಡು, ಈಗದು ಮೊಣಕಾಲಾಳದ ಕೊರಕಲು. ಅದರ ಬಾಯಿ ಕೆಳಗಿನ ಮೂರು ಮನೆಗಳ ಕಡೆಗಿತ್ತು.

ಮಿಜ್ಗೋನಾಳಿಗೆ ಹತ್ತೊಂಬತ್ತು. ಜಿಲ್ಲಾ ಕೇಂದ್ರದಲ್ಲಿ ಹತ್ತು ದಿನ ಹೊಸ ಬೇಸಾಯ ಕಲಿತು ಬಂದಿದ್ದಳು. ಇಳಿಜಾರನ್ನು ಉಳಬಾರದು, ಕೂಳೆ ಕೀಳಬಾರದು, ಕೋಲಿನಿಂದ ಕುಳಿ ಮಾಡಿ ಬೀಜ ಊರಿ ಹುಲ್ಲು ಮುಚ್ಚಿದರೆ ಮಣ್ಣು ತಾನೇ ನೀರು ಹಿಡಿದುಕೊಳ್ಳುತ್ತದೆ. ಮಾಸ್ಕೋಗೆ ಕೂಲಿಗೆ ಹೊರಟಿದ್ದ ಐವರು ಹುಡುಗರನ್ನು ಊರಲ್ಲೇ ಉಳಿದು ಹೀಗೆ ಬಿತ್ತಲು ಕಾಡಿ ಬೇಡಿ ಒಪ್ಪಿಸಿದ್ದಳು. ಬಿತ್ತುವ ದಿನ ಒಂದು ನರಪಿಳ್ಳೆಯೂ ಬರಲಿಲ್ಲ.

ಅವರಲ್ಲೊಬ್ಬ ಹಿಕ್ಮತ್‌ನನ್ನು ಅವನ ಮನೆಯ ಗೋಡೆಯ ಬಳಿಯೇ ಹಿಡಿದಳು. “ಮೀಸೆ ಯಾಕೋ ಬಿಟ್ಟಿದ್ದೀಯ, ಬೋಳಿಸ್ಕೋ.”

“ಮೀಸೆ ಹೋದ್ರೆ ಬರುತ್ತೆ ಕಣೆ, ಜೀವ ಬರುತ್ತಾ? ನಿಮ್ಮಪ್ಪ ಅಲ್ಲಿನ್ನೂ ಉಳ್ತಾ ಇದಾರೆ. ಮೊದ್ಲು ಅವರನ್ನ ಕಳಿಸ್ಕೊಡು, ಆಮೇಲೆ ನಾವು ಬರ್ತೀವಿ.”

ಅಷ್ಟರಲ್ಲಿ ದೊಡ್ಡಪ್ಪ ಕಲಂದರ್ ಎತ್ತು ಹೂಡಿಕೊಂಡೇ ಹೊಲಕ್ಕೆ ಬಂದಿದ್ದ. ಮಿಜ್ಗೋನಾ ಓಡಿಹೋಗಿ ಎತ್ತುಗಳಿಗೆ ಅಡ್ಡ ನಿಂತಳು.

“ಅರ್ಧ ಸಾಲು ಬಿಟ್ಟೋನಿಗೆ ಗೋರಿಲೂ ನಿದ್ದೆ ಇಲ್ಲ ಮಗಳೇ. ನಾನು ಮುಗಿಸ್ತೀನಿ.”

“ನೀವು ಮುಗಿಸಿದ್ರೆ ಈ ಮಳೆಗೆ ಗುಡ್ಡಾನೇ ಕೆಳಗಿಳಿಯುತ್ತೆ, ದೊಡ್ಡಪ್ಪ.”

“ಹತ್ತು ದಿನ ಕಲಿತು ಗುಡ್ಡಕ್ಕೇ ಬುದ್ಧಿ ಹೇಳ್ತೀಯಾ? ಸರಿ, ಮುಗಿಸೋದು ಬೇಡ ಅಂದ್ರೆ ಮುಚ್ಚು. ಹೀಗೆ ಬಿಡಬಾರದು.”

ಕೊರಕಲು ಮುಚ್ಚುವುದನ್ನೇ ಅವಳಿಗೆ ಎಲ್ಲಕ್ಕಿಂತ ಮೊದಲು ಕಲಿಸಿದ್ದರು. ತಿಂಗಳಿಂದ ಅವಳು ಅದರ ಹತ್ತಿರ ಸುಳಿದಿರಲಿಲ್ಲ.

ಹಿಂದೆಯೇ ಬಂದಿದ್ದ ಅಮ್ಮ ಮೆಲ್ಲಗೆ ಕೇಳಿದಳು. “ಅಡ್ಡ ನಿಂತಿರೋದು ಮಣ್ಣಿಗೋಸ್ಕರಾನಾ, ಅವರ ದನಿಗೋಸ್ಕರಾನಾ?”

ದಿನಾ ನಸುಕಿನಲ್ಲಿ ಊರೆಲ್ಲ ಬಾಗಿಲು ಭದ್ರಮಾಡುವಾಗ ಅವಳು ಕಿಟಕಿ ತೆರೆದು ಕೂರುತ್ತಿದ್ದಳು. ಸಾಲು ಮುಚ್ಚಿದರೆ ಅಪ್ಪ ಹೊರಟುಹೋಗುತ್ತಾನೆ. ಅವಳ ಭಯ ಅಷ್ಟೇ.

“ಅವರೂ ದಣಿದಿರ್ತಾರೆ ಕಣಮ್ಮ,” ಎಂದಳು ಅಮ್ಮ.

ಮಿಜ್ಗೋನಾ ಬಗ್ಗಿ ಮೊದಲ ಕಲ್ಲೆತ್ತಿದಳು. ಮಧ್ಯಾಹ್ನದವರೆಗೆ ಮೂವರೂ ಕೊರಕಲಿಗೆ ಅಡ್ಡಡ್ಡ ಕಲ್ಲಿಟ್ಟರು, ಹುಲ್ಲು ತುರುಕಿದರು, ಮಣ್ಣು ತುಂಬಿದರು. ದೊಡ್ಡಪ್ಪ ಗೊಣಗಿದ್ದೇ ಹೆಚ್ಚು, ಆದರೂ ಕಲ್ಲು ಹೊತ್ತಿದ್ದೂ ಅವನೇ ಹೆಚ್ಚು. ದೂರದ ಗೋಡೆಯ ಮೇಲೆ ಹಿಕ್ಮತ್ ಮತ್ತು ಉಳಿದ ನಾಲ್ವರು ಕಾಗೆಗಳ ಹಾಗೆ ಕೂತು ನೋಡುತ್ತಿದ್ದರು.

ಮುಚ್ಚಿದ ಸಾಲಿನ ಮೇಲೆ ಮಿಜ್ಗೋನಾ ಕೋಲಿನಿಂದ ಮೊದಲ ಕುಳಿ ಮಾಡಿದಳು. ಮೊದಲ ಹಿಡಿ ಬೀಜಕ್ಕೆ ಮನೆಯ ಯಜಮಾನ ಮಾತು ಹೇಳಬೇಕು. ಪ್ರತಿವರ್ಷ ಅಪ್ಪ ಹೇಳುತ್ತಿದ್ದ. ದೊಡ್ಡಪ್ಪ ಅವಳ ಕಡೆ ನೋಡಿ ತಲೆಯಾಡಿಸಿದ.

“ಉಳುವವರ ಅಜ್ಜ ಬಾಬಾ ದೆಹ್ಕಾನರ ಹೆಸರಲ್ಲಿ,” ಎಂದು ಗೋಧಿ ಚೆಲ್ಲಿದಳು. “ಇದು ಹಕ್ಕಿಯ ಪಾಲು. ಇದು ಇರುವೆಯ ಪಾಲು. ಇದು...”

ಮುಂದಿನದು ತಬ್ಬಲಿಯ ಪಾಲು. ಇಷ್ಟು ವರ್ಷ ಅದು ಯಾರದೋ ಮಕ್ಕಳದೆಂದು ತಿಳಿದಿದ್ದಳು. ಕಾಳುಗಳು ಅಂಗೈಯ ಬೆವರಿಗೆ ಅಂಟಿಕೊಂಡವು. ಯಾರೂ ಅವಸರ ಮಾಡಲಿಲ್ಲ.

“ಇದು ತಬ್ಬಲಿಯ ಪಾಲು,” ಎಂದಳು ಕೊನೆಗೂ.

“ಇದು ವಿಧವೆಯ ಪಾಲು,” ಎಂದು ಅಮ್ಮ ಅಂಗೈ ಚಾಚಿದಳು.

ಗೋಡೆಯಿಂದ ಮೊದಲು ಹಿಕ್ಮತ್ ಧುಮುಕಿದ, ಆಮೇಲೆ ಉಳಿದವರು. ಕತ್ತಲಾಗುವಷ್ಟರಲ್ಲಿ ಅರ್ಧ ಗುಡ್ಡ ಬಿತ್ತಿ ಆಗಿತ್ತು.

ಮರುದಿನ ನಸುಕಿನಲ್ಲಿ ಅವಳು ಕಿಟಕಿ ತೆರೆದು ಕೂತಳು. ನಮಾಜು ಮುಗಿಯಿತು. ಗುಡ್ಡದಿಂದ ಏನೂ ಬರಲಿಲ್ಲ.

“ಏಯ್, ಎದ್ಯಾ?” ಓಣಿಯಿಂದ ಹಿಕ್ಮತ್ ಕೂಗಿದ. “ಇನ್ನೂ ಅರ್ಧ ಗುಡ್ಡ ಬಾಕಿ ಇದೆ!”

“ಸ್ವಲ್ಪ ಸುಮ್ನಿರೋ,” ಎಂದಳು ಮಿಜ್ಗೋನಾ, ಅಳುತ್ತ. “ಕೇಳಿಸ್ಕೋತಾ ಇದೀನಿ.”