ಒಬ್ಬರಿಗೆ ಒಂದು ಕತ್ತರಿ

ನನ್ನ ಮೂಗು ನನ್ನ ಮಾತು ಕೇಳುವುದಿಲ್ಲ. ಅಸಹ್ಯವಾದಾಗ ತಾನಾಗಿಯೇ ಸೊಟ್ಟಗಾಗುತ್ತದೆ. ಇವತ್ತು ಮಂಡಳಿಯ ಮುಂದೆ ಅದು ಯಾರ ಕಣ್ಣಿಗಾದರೂ ಬಿದ್ದರೆ ಏನು ಗತಿ? ಬಿ.ಎ. ಮುಗಿಸಿದವಳಿಗೆ ಇದೂ ಒಂದು ಚಿಂತೆಯೇ ಎಂದು ಮುಂಜಾನೆ ಡೈರಿಯಲ್ಲಿ ಬರೆದುಕೊಂಡು, ಚಿತ್ತಾಪುರದಲ್ಲಿ ವಾಡಿಯ ಬಸ್ಸು ಹತ್ತಿದೆ.

ನಮ್ಮದು ಕಾಗಿಣಾ ಸುದ್ದಿ ಬಳಗ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಸುದ್ದಿಗಳನ್ನು ರೆಕಾರ್ಡ್ ಮಾಡಿ ಪ್ರತಿ ರವಿವಾರ ಜನರ ಮೊಬೈಲಿಗೆ ಕಳಿಸುತ್ತೇವೆ. ಜಾಹೀರಾತಿಲ್ಲ, ಲಾಭವಿಲ್ಲ. ಮಂಡಳಿಯಲ್ಲಿ ಊರಿಗೊಬ್ಬರು, ಯಾರಿಗೂ ಸಂಬಳವಿಲ್ಲ. ಅದನ್ನು ಅವರು ಎಷ್ಟು ಸಲ ಹೇಳಿಕೊಳ್ಳುತ್ತಾರೆಂದರೆ, ಸಂಬಳವನ್ನಾದರೂ ಕೊಟ್ಟು ಬಾಯಿ ಮುಚ್ಚಿಸಬೇಕು ಎನ್ನಿಸುತ್ತದೆ. ಚಿತ್ತಾಪುರದ ಪಾಲಿಗೆ ಇರುವವಳು ನಾನು, ಲುಂಬಿನಿ. ಸುದ್ದಿ ತರುವವಳೂ ನಾನೇ, ಓದುವವಳೂ ನಾನೇ. ಫೋನಿನ ಮುಂದೆ ನನ್ನ ದನಿ ಚೆನ್ನಾಗಿ ಏಳುತ್ತದೆ. ಮನುಷ್ಯರ ಮುಂದೆ ಗಂಟಲಲ್ಲೇ ಕೂತುಬಿಡುತ್ತದೆ.

ಸಭೆ ವಾಡಿಯಲ್ಲಿ, ವಕೀಲ ಸುರೇಶಕುಮಾರ ಅವರ ಆಫೀಸಿನ ಹಿಂದಿನ ಕೋಣೆಯಲ್ಲಿ. ನಾನು ಹೋಗುವಷ್ಟರಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಬಜ್ಜಿ ಬಂದಿದ್ದವು. ಅಧ್ಯಕ್ಷ ಅಮೃತಪ್ಪನವರು ಹಣೆತುಂಬ ವಿಭೂತಿ ಹಚ್ಚಿಕೊಂಡು ನಡುವೆ ಕೂತಿದ್ದರು. ಶಹಾಬಾದದಲ್ಲಿ ಅವರ ಕಲ್ಲು ಪಾಲಿಶ್ ಮಾಡುವ ಮಶೀನುಗಳಿವೆ, ಸುತ್ತಲ ಊರುಗಳಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಗಳಿವೆ.

“ಬಾ ಮಗಳ, ಕುಂದ್ರು. ಮಿರ್ಚಿ ತಗೊ. ಯಾಕ ಹಂಗ ನಿಂತಿ?”

“ಆಕಿ ಹಂಗೇರಿ,” ಎಂದರು ಸೇಡಂನ ಮಹಾದೇವಮ್ಮ, ನಿವೃತ್ತ ಹೆಡ್‌ಮಿಸ್ಟ್ರೆಸ್. “ನಮ್ಮ ಸಾಲ್ಯಾಗ ಇದ್ದಿದ್ರ ಹಾಜರಿ ಕರೆದಾಗೂ ಬಾಯಿ ತೆರೀತಿರ್ಲಿಲ್ಲ, ಗೈರ್ ಅಂತ ಬರ್ದಬಿಡ್ತಿದ್ದೆ.”

ಎಲ್ಲರೂ ನಕ್ಕರು. ಚಿಂಚೋಳಿಯವರು ಬಂದಿರಲಿಲ್ಲ. ದೂರದ ನೆಪ ಹೇಳಿ ಅವರು ಬರುವುದೇ ಅಪರೂಪ.

ನಮ್ಮ ಮಂಡಳಿಗೆ ಒಂದು ಪದ್ಧತಿಯಿದೆ. ಕಳಿಸುವ ಮುಂಚೆ ಫೋನನ್ನು ಖಾಲಿ ಸ್ಟೀಲಿನ ಚರಗಿಯಲ್ಲಿಟ್ಟು, ದನಿ ದೊಡ್ಡದಾಗಲೆಂದು, ಎಲ್ಲರೂ ಕೇಳುತ್ತಾರೆ. ಆಮೇಲೆ ಒಬ್ಬೊಬ್ಬರು ಒಂದೊಂದು ಮಾತನ್ನು ತೆಗೆಸಬಹುದು. ಯಾಕೆಂದು ಯಾರೂ ಕೇಳುವ ಹಾಗಿಲ್ಲ. ಬಳಗ ಹುಟ್ಟಿದ ಹೊಸತರಲ್ಲಿ ಮಹಾದೇವಮ್ಮನ ಬೀಗರ ಮದುವೆಯಲ್ಲಿ ಊಟ ಸಾಲದೆ ಹೋದ ಸುದ್ದಿ ಊರೆಲ್ಲ ಹಬ್ಬಿ ಅವರಿಗೆ ನೋವಾಗಿತ್ತಂತೆ. ಅಂದಿನಿಂದ ಈ ನಿಯಮ. ಒಬ್ಬರಿಗೆ ಒಂದು ಕತ್ತರಿ. ಇದಕ್ಕೆ ಅವರು ಪ್ರಜಾಪ್ರಭುತ್ವ ಎನ್ನುತ್ತಾರೆ. ನನ್ನ ಕತ್ತರಿಯನ್ನು ನಾನು ಎಂದೂ ಬಳಸಿರಲಿಲ್ಲ.

ಈ ವಾರದ ಮೊದಲ ಸುದ್ದಿ ರತ್ನಾಬಾಯಿಯದು. ನಮ್ಮ ಓಣಿಯವಳು. ಊರ ಹೊರಗೆ ಹಳೆಯದೊಂದು ಖಣಿಯಿದೆ. ನಳಕ್ಕೆ ನೀರು ಬರದ ದಿನ ಹೆಂಗಸರು ಬಟ್ಟೆ ಒಗೆಯಲು ಅಲ್ಲಿಗೇ ಹೋಗುತ್ತಾರೆ. ಇಳಿಯುವ ಕಡೆ ನೀರೊಳಗೆ ಅಗಲವಾದ ಕಲ್ಲಿನ ಹಾಸು ಇತ್ತು. ಅದರ ಮೇಲೆ ನಿಂತರೆ ನೀರು ಮೊಳಕಾಲಿನ ತನಕ. ಈ ಬೇಸಿಗೆಯಲ್ಲಿ ನೀರು ಇಳಿದಾಗ ಮಾಲೀಕರ ಮಂದಿ ಬಂದು ಆ ಹಾಸನ್ನೂ ಬಿಡದೆ ಕಿತ್ತು ಒಯ್ದರು. ಮಳೆ ಬಿತ್ತು, ಖಣಿ ತುಂಬಿತು. ಮೇಲಿನಿಂದ ನೋಡಿದರೆ ನೀರು ಮೊದಲಿನಂತೆಯೇ. ರತ್ನಾಬಾಯಿ ಯಾವಾಗಲೂ ಇಡುವಲ್ಲಿಯೇ ಕಾಲಿಟ್ಟಳು.

ಅವಳ ಅಕ್ಕ ಹಣಮವ್ವ ನನ್ನ ಫೋನಿಗೆ ಮಾತಾಡಿ ಮುಗಿಸಿದ ಮೇಲೆ ನನ್ನ ಮುಂಗೈ ಹಿಡಿದುಕೊಂಡಿದ್ದಳು. “ಇದು ಹೋಗ್ತದಲ್ಲ, ತಂಗಿ? ತಾಂಡಾದ ಹೆಣ್ಮಕ್ಕಳಿಗಿ ಗೊತ್ತಿಲ್ಲ. ನಾಳಿಗಿ ಅವ್ರು ಬಟ್ಟಿ ಗಂಟ್ ಹೊತ್ಕೊಂಡ್ ಬರ್ತಾರ.” ಹೋಗ್ತದಬೇ ಎಂದಿದ್ದೆ.

ಈಗ ಚರಗಿಯೊಳಗಿಂದ ಅವಳ ದನಿ ಎದ್ದಿತು. “ನನ್ನ ತಂಗಿಗಿ ಈಜು ಬರ್ತಿರ್ಲಿಲ್ಲ. ಮೊಳಕಾಲ್ ನೀರಾಗ ಯಾರ್ ಈಜ್ತಾರ? ಕಲ್ಲು ಕಿತ್ಕೊಂಡು ಒಯ್ದ್ರು, ಒಂದ್ ಮಾತ್ ಹೇಳ್ಲಿಲ್ಲ. ಖಣಿ ಅಮೃತಪ್ಪ ಸಾವ್ಕಾರ್ದು. ಅಕ್ಕಗೋಳ್ರೆ, ಆ ಕಡಿ ಇಳೀಬ್ಯಾಡ್ರಿ.”

ನಾನು ಅಮೃತಪ್ಪನವರನ್ನೇ ನೋಡಿದೆ. ಅವರು ಮೆಣಸಿನಕಾಯಿಯ ತೊಟ್ಟನ್ನು ಹಲ್ಲಿನಿಂದ ಎಳೆದು ಚರಗಿಯ ಪಕ್ಕ ಇಟ್ಟರು. ಅಲ್ಲಿ ಆಗಲೇ ಅಂಥವುಗಳ ಸಣ್ಣ ಗುಡ್ಡೆಯಿತ್ತು.

“ಪಾಪ,” ಎಂದರು ಮಹಾದೇವಮ್ಮ. “ಆದ್ರ ಈಕಿ ಮಾತು ಭಾಳ ಒರಟ ಅದ. ಕೇಳ್ಲಿಕ್ಕ ಆಗಲ್ಲ. ನನ್ನ ಕತ್ತರಿ ಈಕಿ ದನೀಗಿ. ಲುಂಬಿನಿ ಚಂದಾಗಿ ಓದ್ತಾಳ ಬಿಡ್ರಿ.”

“ನಂದು ಹೆಸರಿಗಿ,” ಎಂದರು ಸುರೇಶಕುಮಾರ. “ಮಾಲೀಕ ಗೀಲಿಕ ಏನೂ ಬ್ಯಾಡ. ನಾಳಿ ಕೇಸ್ ಆದ್ರ ಕೋರ್ಟಿಗಿ ಅಡ್ಡಾಡಾಂವ ನಾನು. ಫುಕಟ್.”

“ವಕೀಲ್ ಸಾಬ್, ನೀವು ಫೀಸ್ ತಗೊಂಡ್ರೂ ಗೆಲ್ಲಲ್ಲ,” ಎಂದು ಮಹಾದೇವಮ್ಮ ಕೈ ತಟ್ಟಿ ನಕ್ಕರು. ಸುರೇಶಕುಮಾರ ತಾವೂ ನಕ್ಕು ಇನ್ನೊಂದು ಮಿರ್ಚಿ ತೆಗೆದುಕೊಂಡರು.

ಅಮೃತಪ್ಪ ಬೆರಳುಗಳನ್ನು ಒಂದೊಂದಾಗಿ ಚೀಪಿ, ಈ ವಾರದ ಸುದ್ದಿ ಬರೆದ ಹಾಳೆಗೇ ಕೈ ಒರೆಸಿದರು. “ನಂದೇನ್ ದೊಡ್ಡದಿಲ್ಲಪ್ಪ. ಜಾಗದ ಹೆಸರು ಒಂದು ತೆಗೀರಿ. ಊರಿನ ಮರ್ಯಾದಿ ಪ್ರಶ್ನಿ.” ಆಮೇಲೆ ದನಿಯನ್ನು ಮೆತ್ತಗೆ ಮಾಡಿಕೊಂಡು ಹೇಳಿದರು: “ಕಡೀಕ ಅಧ್ಯಕ್ಷರು ಸಂತಾಪ ವ್ಯಕ್ತಪಡಿಸ್ಯಾರ ಅಂತ ಸೇರಸು, ಮಗಳ. ನಂಗೂ ಕರುಳ್ ಚುರ್ ಅಂತದ.”

ಸುರೇಶಕುಮಾರ ಹಾಳೆಯ ಮೇಲೆ ಗೀಟು ಎಳೆದು ಉಳಿದದ್ದನ್ನು ಓದಿದರು. ಮಹಿಳೆಯೊಬ್ಬರು ಕಾಲು ಜಾರಿ ನೀರಿಗೆ ಬಿದ್ದು ತೀರಿಕೊಂಡಿದ್ದಾರೆ. ಬಳಗದ ಅಧ್ಯಕ್ಷರು ಸಂತಾಪ ವ್ಯಕ್ತಪಡಿಸಿದ್ದಾರೆ. ಅಷ್ಟೇ. ಯಾವ ಊರು, ಯಾವ ನೀರು, ಯಾವ ಕಡೆ ಇಳಿಯಬಾರದು, ಒಂದೂ ಇಲ್ಲ. ಕಾಲು ಜಾರಿ ಎಂಬುದು ಎಲ್ಲಿಂದ ಬಂತೋ. ಯಾರೂ ಅದನ್ನು ಹೇಳಿರಲಿಲ್ಲ.

ಎಣ್ಣೆಯ ವಾಸನೆಗೆ ನನ್ನ ಮೂಗು ಸೊಟ್ಟಗಾಯಿತು. ಎದ್ದು ಹೋಗೋಣವೆನ್ನಿಸಿತು. ಎದ್ದು ಹೋದರೆ ಸುದ್ದಿ ಹೀಗೆಯೇ ಹೋಗುತ್ತದೆ. ಕಳಿಸುವ ಫೋನು ಇರುವುದು ವಕೀಲರ ಕಪಾಟಿನಲ್ಲಿ. ನಾಳೆ ತಾಂಡಾದವರು ಗಂಟು ಇಳಿಸಿ, ಸೀರೆ ಎತ್ತಿ ಕಟ್ಟಿ, ಕಾಲಿಡುತ್ತಾರೆ.

“ಮತ್ತ, ನಿನ್ನ ಕತ್ತರಿ?” ಸುರೇಶಕುಮಾರ ನನ್ನತ್ತ ಹುಬ್ಬು ಹಾರಿಸಿದರು.

“ಆಕಿ ಕತ್ತರಿ ಇನ್ನಾ ಹೊಸಾದ ಅದರಿ, ಪಾಕೀಟಿನಾಗೇ ಅದ,” ಎಂದರು ಮಹಾದೇವಮ್ಮ.

“ಬಿಡ್ರಿ ಅಕ್ಕೋರೆ, ಕಾಡಬ್ಯಾಡ್ರಿ,” ಅಮೃತಪ್ಪ ಅಡ್ಡಬಂದರು. “ಇವ್ರ ಓಣಿ ಮಂದಿ ಪೈಕಿ ಒಬ್ಬಾಕಿ ಮಂಡಳಿನಾಗ ಇರ್ಬೇಕಂತ ಹಟ ಹಿಡ್ದಾಂವ ನಾನೇ. ಶಾಣ್ಯಾ ಹುಡುಗಿ. ಏನಂತಿ ಮಗಳ, ಕಳಸೋಣಲ್ಲ?”

ಮೂವರೂ ನನ್ನ ಕಡೆ ನೋಡಲಿಲ್ಲ. ಒಪ್ಪಿಗೆ ಬಂದೇಬಿಟ್ಟಿತೆಂದು ವಕೀಲರು ಕಪಾಟಿನ ಕೀಲಿಗೆ ಕೈ ಹಾಕಿದರು. ಮೊದಲು ಬಂದದ್ದು ಬರೀ ಉಸಿರು. ಆಮೇಲೆ ದನಿ ಬಂತು, ಒಡೆದದ್ದು, ನಾನು ಅಂದುಕೊಂಡದ್ದಕ್ಕಿಂತ ದೊಡ್ಡದು.

“ಆಕಿ ಕಾಲು ಜಾರಿಲ್ಲರಿ, ಕಾಕಾ. ಕಾಲಿಡೋ ಕಲ್ಲು ನೀವು ಕೀಳಿಸೀರಿ.”